ಸಾಹೇಬರು ಎರಡಡಿ ಎಡಕ್ಕೆ

ಸಾಹೇಬರ ಕುರ್ಚಿಯನ್ನು ಎರಡಡಿ ಎಡಕ್ಕೆ ಸರಿಸಿದ್ದೇ ತಪ್ಪಾಯಿತು. ಅದನ್ನು ಇದ್ದ ಜಾಗದಲ್ಲೇ ಬಿಟ್ಟಿದ್ದರೆ ಆ ದಿನ ಅಳತೆ-ತೂಕದ ಕಚೇರಿಯವರೆಲ್ಲ ಎಂದಿನಂತೆ ತಡವಾಗಿ ಬಂದು, ಬೇಗ ಚಹಾ ಕುಡಿದು, ಸಂಜೆ ಸಾಹೇಬರ ಕೈಗೊಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಸುಳ್ಳು ಹೊಗಳಿ, ನಿಶ್ಚಿಂತೆಯಿಂದ ಮನೆ ಸೇರುತ್ತಿದ್ದರು.

ಸರಿಸಿದವನು ನೆಲಮಾಳಿಗೆಯ ರೆಕಾರ್ಡ್ ರೂಮಿನ ಗುಮಾಸ್ತ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು; ಮಿಕ್ಕಂತೆ ಎಲ್ಲರ ಬಾಯಲ್ಲೂ ಅವನು ಕಡತರಾಯ. ಹದಿನಾಲ್ಕು ವರ್ಷದಿಂದ ಅವನು ಕಿಟಕಿಯಿಲ್ಲದ ಆ ಕೋಣೆಯಲ್ಲಿ, ಒಂದೇ ಬಲ್ಬಿನ ಕೆಳಗೆ, ಹಳೆ ಕಡತಗಳ ನಡುವೆ ಇನ್ನೊಂದು ಕಡತದಂತೆ ಕೂತಿದ್ದ. ಹೊರಗೆ ಬಿಸಿಲಿದೆಯೋ ಮಳೆಯಿದೆಯೋ ಎಂದು ತಿಳಿಯಬೇಕಾದರೆ ಮೆಟ್ಟಿಲಿಳಿದು ಬಂದವರ ತಲೆಗೂದಲು ನೋಡಬೇಕಿತ್ತು. ಮೂರು ತಿಂಗಳ ಹಿಂದೆ ಮಹಡಿಯ ಮೇಲೆ ಕಿಟಕಿ ಪಕ್ಕದ ಒಂದು ಮೇಜು ಖಾಲಿಯಾಗಿತ್ತು. ಅದನ್ನು ತನಗೆ ಕೊಡಿ ಎಂದು ಅವನು ಬರೆದ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು. ಕೇಳಿದಾಗಲೆಲ್ಲ ಸಾಹೇಬರು "ನೋಡೋಣ" ಅನ್ನುತ್ತಿದ್ದರು. ನೋಡುತ್ತಾ ನೋಡುತ್ತಾ ಅವರ ನಿವೃತ್ತಿಯ ದಿನವೇ ಬಂದುಬಿಟ್ಟಿತು. ಸಂಜೆ ಐದರೊಳಗೆ ಆ ಅರ್ಜಿಗೆ ರುಜು ಬೀಳದಿದ್ದರೆ ಮುಗಿಯಿತು. ಅವರ ಕುರ್ಚಿಗೆ ಬರಲಿದ್ದ ಉಪಸಾಹೇಬರಿಗೆ ಕಡತರಾಯ ಇದ್ದಾನೆ ಎಂಬುದೇ ನೆನಪಿರುತ್ತಿರಲಿಲ್ಲ.

ಆದ್ದರಿಂದಲೇ, ಪಡಸಾಲೆಯಲ್ಲಿ ಹಿಂದಿನ ಎಂಟು ಸಾಹೇಬರುಗಳ ಸಾಲಿನಲ್ಲಿ ತೂಗುಹಾಕಲು ಇವರದೊಂದು ಭಾವಚಿತ್ರ ಬೇಕು ಎಂದಾಗ, ಕಡತರಾಯ ಎಲ್ಲರಿಗಿಂತ ಮೊದಲು ಕೈಯೆತ್ತಿದ. ಅವನ ಹತ್ತಿರ ಭಾವಮೈದುನನ ಹಳೇ ಕ್ಯಾಮೆರಾ ಇತ್ತು. ಅದಕ್ಕಿಂತ ಹೆಚ್ಚಾಗಿ ವಿದ್ಯೆ ಇತ್ತು. ಮೂರು ಭಾನುವಾರ ಫೋಟೋ ತರಗತಿಗೆ ಹೋಗಿಬಂದಿದ್ದ. ಮೊದಲ ಭಾನುವಾರ ಕ್ಯಾಮೆರಾ ಹಿಡಿಯುವುದನ್ನು ಹೇಳಿಕೊಟ್ಟರು, ಎರಡನೆಯ ಭಾನುವಾರ ಮೇಷ್ಟ್ರಿಗೆ ಜ್ವರ, ಮೂರನೆಯ ಭಾನುವಾರ ಮೂರನೇ ಒಂದರ ನಿಯಮ.

"ಚಿತ್ರದ ಮೇಲೆ ಮನಸ್ಸಲ್ಲೇ ಎರಡು ಅಡ್ಡ ಗೆರೆ, ಎರಡು ಉದ್ದ ಗೆರೆ ಎಳೀರಿ. ಮನುಷ್ಯನನ್ನ ಆ ಗೆರೆ ಮೇಲೆ ಕೂರಿಸಿ. ಗೆರೆಗಳು ಸೇರೋ ಕಡೆ ಅವನ ಕಣ್ಣು ಬರಲಿ. ನಟ್ಟನಡುವೆ ಕೂರಿಸೋದು ಸೋಮಾರಿಗಳ ಕೆಲಸ," ಎಂದಿದ್ದರು ಮೇಷ್ಟ್ರು.

ಕಡತರಾಯನಿಗೆ ಅದು ದೀಕ್ಷೆ ಕೊಟ್ಟಂತಾಯಿತು. ಮನೆಗೆ ಬಂದವನೇ ಟಿ.ವಿ.ಯನ್ನು ಗೋಡೆಯ ನಡುವಿನಿಂದ ಎಳೆದು ಪಕ್ಕಕ್ಕಿಟ್ಟ. ಮನೆಮಂದಿಯೆಲ್ಲ ಕತ್ತು ಹೊರಳಿಸಿಕೊಂಡು ವಾರ್ತೆ ನೋಡುವಂತಾಯಿತು. ಹೆಂಡತಿಯ ಫೋಟೋ ನಲವತ್ತು ತೆಗೆದ. ನಲವತ್ತರಲ್ಲೂ ಅವಳು ಒಂದು ಅಂಚಿನಲ್ಲಿ.

"ನನ್ನನ್ನ ಯಾಕ್ರೀ ಮೂಲೆಗೆ ತಳ್ತೀರಾ? ನಿಮ್ಮಮ್ಮ ತಳ್ಳಿದ್ದು ಸಾಲದಾ?" ಎಂದಳು ಅವಳು.

"ಮೂಲೆ ಅಲ್ಲ ಕಣೇ, ಅದು ಬಲವಾದ ಜಾಗ."

"ಹಾಗಾದ್ರೆ ನೀವೇ ಅಲ್ಲಿ ನಿಂತ್ಕೊಳ್ಳಿ. ನಾನು ದುರ್ಬಲವಾಗಿ ನಡುವೇನೇ ಇರ್ತೀನಿ."

ಹೀಗೆ ಮನೆಯಲ್ಲಿ ಬೆಲೆ ಸಿಗದ ವಿದ್ಯೆಯನ್ನು ಹೊತ್ತುಕೊಂಡು ಕಡತರಾಯ ಅಂದು ಬೆಳಗ್ಗೆ ಹತ್ತಕ್ಕೆ ಸಾಹೇಬರ ಕೋಣೆಗೆ ಹೋದ. ಕುರ್ಚಿಯನ್ನು ಎರಡಡಿ ಎಡಕ್ಕೆ ಸರಿಸಿದ, ಸಾಹೇಬರನ್ನು ಕೂರಿಸಿದ, ಬಲಕ್ಕೆ ನೋಡಲು ಹೇಳಿದ, ಉಸಿರು ಹಿಡಿದು ಗುಂಡಿ ಒತ್ತಿದ. ಎದುರು ರಸ್ತೆಯ ಅಂಗಡಿಗೆ ಓಡಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂದು, ಮೊದಲ ಮಗುವನ್ನು ಅಜ್ಜನ ಕೈಗಿಡುವವನಂತೆ ಸಾಹೇಬರ ಕೈಗಿಟ್ಟ.

ಸಾಹೇಬರು ಕನ್ನಡಕ ಏರಿಸಿದರು. ಚಿತ್ರದ ಎಡಗಡೆ ಅವರಿದ್ದರು. ಮಿಕ್ಕ ಎರಡು ಪಾಲು ಗೋಡೆಯಿತ್ತು. ಗೋಡೆಯ ಮೇಲೆ ಒಂದು ಮೊಳೆ, ಒಂದು ಸ್ವಿಚ್ಚು, ಸುಣ್ಣ ಉದುರಿದ ಒಂದು ಗುರುತು. ಸಾಹೇಬರು ಅವನ್ನೇ ಆಸೆಯಿಂದ ನೋಡುತ್ತಿದ್ದಂತೆ ಕಾಣುತ್ತಿತ್ತು.

"ಇದೇನಯ್ಯಾ?"

"ತಮ್ಮ ಭಾವಚಿತ್ರ ಸಾರ್."

"ಈ ಗೋಡೆ?"

"ಅದು ಕಚೇರೀದೇ ಸಾರ್."

"ಇವತ್ತು ನಿವೃತ್ತಿ ಆಗ್ತಿರೋದು ನಾನೋ, ಗೋಡೆಯೋ?" ಸಾಹೇಬರ ದನಿ ಏರಿತು. "ಮೂವತ್ತಾರು ವರ್ಷ ಊರಿನ ತಕ್ಕಡಿಯೆಲ್ಲ ಸಮ ಮಾಡಿದವನು ನಾನು. ನನ್ನನ್ನೇ ಒಂದು ಕಡೆಗೆ ವಾಲಿಸಿಬಿಟ್ಟಿದೀಯಲ್ಲ! ಗಿರಾಕಿಗಳು ಇದನ್ನ ನೋಡಿದ್ರೆ ನಮ್ಮ ಮುದ್ರೆ ನಂಬ್ತಾರೇನಯ್ಯಾ?"

"ನಿಯಮ ಹಾಗಿದೆ ಸಾರ್."

'ನಿಯಮ' ಎಂದ ಕೂಡಲೇ ಸಾಹೇಬರು ಅಭ್ಯಾಸಬಲದಿಂದ ನೆಟ್ಟಗೆ ಕೂತರು. "ಯಾವ ನಿಯಮ? ಸುತ್ತೋಲೆ ನಂಬರ್ ಎಷ್ಟು?"

"ಸುತ್ತೋಲೆಗಿಂತ ದೊಡ್ಡದು ಸಾರ್, ಪ್ರಪಂಚಕ್ಕೆಲ್ಲ ಒಂದೇ. ಮೂರನೇ ಒಂದರ ನಿಯಮ. ಇರೋದನ್ನೆಲ್ಲ ಮೂರು ಭಾಗ ಮಾಡ್ಬೇಕು. ಒಂದು ಭಾಗದಲ್ಲಿ ಮಾತ್ರ ಮನುಷ್ಯ ಇರ್ಬೇಕು. ಉಳಿದ ಎರಡು ಭಾಗ ಖಾಲಿ ಮಾಡಿಸ್ಬೇಕು. ನಡುವೆ ಆರಾಮಾಗಿ ಕೂತಿರೋರನ್ನಂತೂ ಮೊದಲು ಎಬ್ಬಿಸ್ಬೇಕು!"

ಈ ಮಾತು ಹೊರಬೀಳುವುದಕ್ಕೂ, ಒಂದು ಪತ್ರಕ್ಕೆ ರುಜು ಹಾಕಿಸಿಕೊಳ್ಳಲು ಟೈಪಿಸ್ಟ್ ಅಕ್ಕ ಬಾಗಿಲು ಅರ್ಧ ತೆರೆಯುವುದಕ್ಕೂ ಸರಿಹೋಯಿತು. 'ನಿಯಮ' ಎಂಬುದಕ್ಕಿಂತ ಹಿಂದಿನದೊಂದನ್ನೂ ಅಕ್ಕ ಕೇಳಿರಲಿಲ್ಲ. ಮುಂದಿನದನ್ನು ಕೇಳಲು ನಿಲ್ಲಲೂ ಇಲ್ಲ. ಪತ್ರವನ್ನು ಎದೆಗವಚಿಕೊಂಡು ಬಂದ ದಾರಿಗೇ ತಿರುಗಿದಳು.

ಒಳಗೆ ಸಾಹೇಬರು ಚಿತ್ರವನ್ನು ಮಗುಚಿಟ್ಟರು. "ಎರಡು ಗಂಟೆಗೆ ಇನ್ನೊಂದು ಸಲ ತೆಗಿ. ನಟ್ಟನಡುವೆ. ನಿನ್ನ ಅರ್ಜಿ ಆಮೇಲೆ ನೋಡೋಣ."

ಕಡತರಾಯ ಸೋತ ಮುಖ ಹೊತ್ತು ನೆಲಮಾಳಿಗೆಗೆ ಇಳಿದ.

ಅಕ್ಕನ ಬೆರಳು ಟೈಪ್ ಮಾಡುವುದಕ್ಕಿಂತ ಅವಳ ನಾಲಿಗೆ ನಾಲ್ಕು ಪಟ್ಟು ವೇಗ. ಹನ್ನೊಂದೂವರೆಗೆ ವಿಷಯ ಅವಳ ಮೇಜಿನಿಂದ ಹೊರಟಿತು; ಹನ್ನೆರಡು ಹೊಡೆಯುವ ಹೊತ್ತಿಗೆ ಕೈಕಾಲು, ಕೊಂಬು, ಬಾಲ ಎಲ್ಲ ಮೂಡಿಸಿಕೊಂಡು ಕಚೇರಿಯೆಲ್ಲ ಸುತ್ತಿ ಬಂದಿತ್ತು. ಕಚೇರಿಯಲ್ಲಿ ಇಪ್ಪತ್ತೇಳು ಮಂದಿ. ಮೂರರಲ್ಲೊಂದು ಪಾಲು ಅಂದರೆ ಒಂಬತ್ತು. ಹದಿನೆಂಟು ಮಂದಿಗೆ ಮನೆ ದಾರಿ. ಪಟ್ಟಿ ತಯಾರಾಗಿದೆಯಂತೆ. ತಯಾರಿಸಿದವನು ಮತ್ಯಾರೂ ಅಲ್ಲ, ಎಲ್ಲರ ಹಳೇ ಕಡತ ಇಟ್ಟುಕೊಂಡು ಕೆಳಗೆ ಮಳ್ಳನಂತೆ ಕೂತಿರುವ ಕಡತರಾಯ.

ಮೊದಲು ಇಳಿದುಬಂದವನು ಧಿಕ್ಕಾರ. ಅವನು ಅದೇ ನೆಲಮಾಳಿಗೆಯ ಟಪಾಲು ರವಾನೆ ಗುಮಾಸ್ತ, ಜೊತೆಗೆ ನೌಕರರ ಸಂಘದ ಕಾರ್ಯದರ್ಶಿ; ಸಂಘದ ನೆಪದಲ್ಲಿ ದಿನದ ಹೆಚ್ಚು ಹೊತ್ತು ಮಹಡಿಯಲ್ಲೇ ಇರುತ್ತಿದ್ದ. ಯಾವ ಮಾತನ್ನೂ "ಧಿಕ್ಕಾರ" ಎಂದೇ ಶುರುಮಾಡುತ್ತಿದ್ದುದರಿಂದ ಆ ಹೆಸರು. ಕ್ಯಾಂಟೀನಿನಲ್ಲಿ ಚಹಾ ತಣ್ಣಗಿದ್ದರೆ ಚಹಾಕ್ಕೂ ಧಿಕ್ಕಾರ ಕೂಗುವವನು.

"ಧಿಕ್ಕಾರ ಕಣಯ್ಯಾ ನಿನಗೆ! ನೆಲದಡಿ ಕೂತ್ಕೊಂಡು ನಮ್ಮ ಬೇರಿಗೇ ಕೊಡಲಿ ಹಾಕ್ತಿದೀಯಾ? ಎಲ್ಲಿ ಪಟ್ಟಿ?"

"ಯಾವ ಪಟ್ಟಿ?" ಕಡತರಾಯ ಕಣ್ಣು ಕಣ್ಣು ಬಿಟ್ಟ.

ಮೇಜಿನ ಗಾಜಿನಡಿ ಇದ್ದ ಒಂದು ಕಾಗದದ ಮೇಲೆ ಧಿಕ್ಕಾರನ ಕಣ್ಣು ನೆಟ್ಟಿತ್ತು. ಅದು ಹೋದ ವರ್ಷ ತೆಗೆಸಿದ್ದ ಕಚೇರಿ ಸಿಬ್ಬಂದಿಯ ಗುಂಪುಚಿತ್ರ. ಕಡತರಾಯ ಅಭ್ಯಾಸಕ್ಕೆಂದು ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಎರಡು ಅಡ್ಡ, ಎರಡು ಉದ್ದ ಗೆರೆ ಎಳೆದು, ಗೆರೆಗಳು ಕೂಡುವ ನಾಲ್ಕು ಕಡೆ ದುಂಡಗೆ ಸುತ್ತು ಹಾಕಿದ್ದ.

"ಓಹೋ!" ಎಂದ ಧಿಕ್ಕಾರ. "ಸುತ್ತು ಹಾಕಿರೋರು ಉಳಿಯೋರು ತಾನೆ?"

"ಅದು ಬಲವಾದ ಜಾಗ ಕಣಯ್ಯಾ. ಅಲ್ಲಿರೋದು ಉಳಿಯುತ್ತೆ, ಮಿಕ್ಕಿದ್ದು ಕಣ್ಣಿಗೇ ಬೀಳಲ್ಲ," ಎಂದ ಕಡತರಾಯ, ಕೊನೆಗೂ ಒಬ್ಬ ಆಸಕ್ತ ಸಿಕ್ಕನೆಂಬ ಸಂತೋಷದಲ್ಲಿ.

ಧಿಕ್ಕಾರ ಚಿತ್ರವನ್ನು ಎಳೆದುಕೊಂಡು ಒಂದೇ ಉಸಿರಿಗೆ ಮಹಡಿಗೆ ಹಾರಿದ. ಇಪ್ಪತ್ತು ತಲೆ ಅದರ ಮೇಲೆ ಬಾಗಿದವು. ಒಂದು ಸುತ್ತು ಟೈಪಿಸ್ಟ್ ಅಕ್ಕನ ಹಣೆಯ ಮೇಲಿತ್ತು. ಎರಡನೆಯದು ಜೀಪಿನ ಡ್ರೈವರನ ಎಡಗಿವಿಯ ಮೇಲೆ. ಮೂರನೆಯದು ಒಂದು ಹೂಕುಂಡದ ಮೇಲೆ. ನಾಲ್ಕನೆಯದರಲ್ಲಿ ಯಾರೂ ಇರಲಿಲ್ಲ, ಬರೀ ಗೋಡೆ.

"ಹಣೆಬರಹ ಅಂದ್ರೆ ಇದು," ಎಂದು ಅಕ್ಕ ಮೆಲ್ಲಗೆ ತನ್ನ ಹಣೆ ಮುಟ್ಟಿಕೊಂಡಳು. ಸುದ್ದಿ ಹೊರಟಾಗ ಎಲ್ಲರಿಗಿಂತ ಜೋರಾಗಿ ಗೋಳಾಡಿದ್ದವಳು ಈಗ, "ನಿಯಮ ಅಂದ್ಮೇಲೆ ಪಾಲಿಸ್ಬೇಕಪ್ಪ," ಎನ್ನತೊಡಗಿದಳು.

"ಗೋಡೆ ಕಾಯಂ! ಹೂಕುಂಡ ಕಾಯಂ! ಮೂವತ್ತು ವರ್ಷ ದುಡಿದ ನಾವು ಬೀದಿಗೆ!" ಎಂದು ಧಿಕ್ಕಾರ ಕೂಗಿದ.

ಚಿತ್ರದಲ್ಲಿ ಸಾಹೇಬರ ಪಕ್ಕ, ನಟ್ಟನಡುವೆ, ಕಾಲ ಮೇಲೆ ಕಾಲು ಹಾಕಿ ಕೂತಿದ್ದವರು ಉಪಸಾಹೇಬರು. ನಡುವೆ ಕೂತವರನ್ನು ಮೊದಲು ಎಬ್ಬಿಸಬೇಕೆಂಬ ಮಾತು ಅವರ ಕಿವಿಗೂ ಬಿದ್ದಿತ್ತು. ಹನ್ನೊಂದು ವರ್ಷ ಸಾಹೇಬರ ಕುರ್ಚಿಗಾಗಿ ಕಾದು, ನಾಳೆ ಬೆಳಗ್ಗೆ ಅದರಲ್ಲಿ ಕೂರಬೇಕಾದ ಮನುಷ್ಯ. ಹೆಂಡತಿ ಆ ಕುರ್ಚಿಗೆಂದು ದಿಂಬು ಕೂಡ ಹೊಲಿದಿಟ್ಟಿದ್ದಳು. ಉಪಸಾಹೇಬರು ತಮ್ಮ ಜೀವಮಾನದಲ್ಲೇ ಮೊದಲ ಬಾರಿಗೆ ನೆಲಮಾಳಿಗೆಯ ಮೆಟ್ಟಿಲು ಇಳಿದರು. ದಾರಿ ಗೊತ್ತಿಲ್ಲದೆ ಮೊದಲು ಶೌಚಾಲಯಕ್ಕೆ ಹೋಗಿ ಆಮೇಲೆ ರೆಕಾರ್ಡ್ ರೂಮಿಗೆ ಬಂದರು.

"ತಮ್ಮಾ," ಎಂದರು. ಅವರ ಬಾಯಲ್ಲಿ ಆ ಮಾತು ಹೊಸ ಚಪ್ಪಲಿಯಂತೆ ಕಚ್ಚಿತು. "ಹೇಗಿದೀಯಪ್ಪ? ಇಲ್ಲಿ ಗಾಳಿನೇ ಇಲ್ವಲ್ಲ. ನನ್ನ ಕೋಣೆ ಫ್ಯಾನ್ ಕಳಿಸ್ಲಾ?"

ಕಡತರಾಯ ದಡಬಡಿಸಿ ಎದ್ದ. "ಸಾರ್, ಎಲ್ಲರೂ ತಪ್ಪು ತಿಳ್ಕೊಂಡಿದಾರೆ. ಅದು ಬರೀ ಫೋಟೋ ವಿಷಯ ಸಾರ್."

"ಗೊತ್ತು, ಗೊತ್ತು. ನೀನು ಬಾಯಿ ಬಿಡೋ ಹಾಗಿಲ್ಲ. ಗೋಪ್ಯ ಅಂದ್ರೆ ಗೋಪ್ಯ." ಉಪಸಾಹೇಬರು ಕಣ್ಣು ಮಿಟುಕಿಸಿದರು. "ಫೋಟೋದಲ್ಲಿ ನನ್ನನ್ನ ಚೂರು ಪಕ್ಕಕ್ಕೆ ಸರಿಸೋಕೆ ಆಗತ್ತಾ ಅಷ್ಟೇ ಹೇಳು."

ಇಲ್ಲ ಅಂದಷ್ಟೂ ಜನ ಅದನ್ನೇ ಹೌದು ಅಂದುಕೊಂಡರು. ಹತ್ತು ನಿಮಿಷದಲ್ಲಿ ಕೆಳಗಡೆ ಫ್ಯಾನ್ ಬಂತು. ಹಿಂದೆಯೇ ಕೈಯಿರುವ ಕುರ್ಚಿ ಬಂತು. ಬಿಸಿ ಚಹಾ, ಅದರ ಜೊತೆ ಒಂದು ತಟ್ಟೆ ಬಿಸ್ಕತ್ತು. ಹದಿನಾಲ್ಕು ವರ್ಷದಲ್ಲಿ ಅವನ ಊಟದ ಡಬ್ಬಿ ಬಿಸಿ ಮಾಡಿಕೊಡದ ಕ್ಯಾಂಟೀನಿನವನು ಬಂದು, "ಸಕ್ಕರೆ ಸಾಕಾ ಅಣ್ಣಾ?" ಎಂದ. ಮೆಟ್ಟಿಲ ಮೇಲೆ ಸಾಲು ನಿಂತಿತು. ಒಬ್ಬ ತನ್ನ ತಾಯಿಯ ಕಾಯಿಲೆ ಹೇಳಿದ, ಇನ್ನೊಬ್ಬ ಪಕ್ಕದ ಮೇಜಿನವನ ಸೋಮಾರಿತನ ಹೇಳಿದ, ಮೂರನೆಯವನು ತಾನು ಹೋದ ವರ್ಷದ ಗುಂಪುಚಿತ್ರದ ದಿನ ರಜೆಯಲ್ಲಿದ್ದುದರಿಂದ ತನ್ನನ್ನು ಯಾವ ಗೆರೆಗೂ ಸೇರಿಸಬಾರದೆಂದು ಲಿಖಿತ ಮನವಿ ಕೊಟ್ಟ.

ಕಡತರಾಯ ಎರಡನೆಯ ಬಿಸ್ಕತ್ತಿನವರೆಗೆ "ನನಗೇನೂ ಗೊತ್ತಿಲ್ಲ" ಎಂದ. ಮೂರನೆಯ ಬಿಸ್ಕತ್ತಿಗೆ ಸುಮ್ಮನಾದ. ಫ್ಯಾನಿನ ಗಾಳಿ ಹಿತವಾಗಿತ್ತು. ನಾಲ್ಕನೆಯದನ್ನು ಚಹಾದಲ್ಲಿ ಅದ್ದುತ್ತಾ, ಕೈಯಿರುವ ಕುರ್ಚಿಗೆ ಒರಗಿ, ಎದುರಿಗೆ ಕೈಕಟ್ಟಿ ನಿಂತವನಿಗೆ ಅವನು ಒಂದೇ ಮಾತು ಹೇಳಿದ.

"ನೋಡೋಣ."

ಹೇಳಿದ ಮೇಲೆ ಅವನಿಗೇ ಬೆಚ್ಚಿಬೀಳುವಂತಾಯಿತು. ಆದರೆ ಆ ಮಾತಿನ ರುಚಿ ಬಿಸ್ಕತ್ತಿಗಿಂತ ಚೆನ್ನಾಗಿತ್ತು. ಮುಂದಿನ ಐದು ಮಂದಿಗೂ ಅದನ್ನೇ ಹೇಳಿದ.

ಇತ್ತ ಉಪಸಾಹೇಬರು ಸುಮ್ಮನೆ ಕೂರಲಿಲ್ಲ. ಪ್ರಧಾನ ಕಚೇರಿಗೆ ಫೋನ್ ಮಾಡಿ, ಮೂರನೇ ಒಂದರ ನಿಯಮ ಉಪಸಾಹೇಬರ ಹುದ್ದೆಗೂ ಅನ್ವಯವಾಗುತ್ತದೆಯೇ ಎಂದು ಕೇಳಿದರು. ಅಲ್ಲಿ ಯಾವ ಪ್ರಶ್ನೆಗೂ ಇರುವುದು ಒಂದೇ ಉತ್ತರ. "ಪರಿಶೀಲನೆಯಲ್ಲಿದೆ," ಎಂದರು ಅವರು. ಇನ್ನೇನು ಬೇಕು! ಒಂದು ಗಂಟೆಗೆ ಧಿಕ್ಕಾರ ಕಚೇರಿಯ ಬಾಗಿಲೆಳೆದು ಮುಷ್ಕರ ಸಾರಿದ. ಮುದ್ರೆ ಹಾಕಿಸಲು ತಕ್ಕಡಿ ತಂದಿದ್ದ ಅಂಗಡಿಯವರು ರಸ್ತೆಯುದ್ದಕ್ಕೂ ತಕ್ಕಡಿ ಹಿಡಿದು ಬಿಸಿಲಲ್ಲಿ ನಿಂತರು. ಇಪ್ಪತ್ತು ಗಂಟಲು ಒಟ್ಟಿಗೆ ಕೂಗಿದವು: "ಗೆರೆ ಎಳೆದವನಿಗೆ ಧಿಕ್ಕಾರ!"

ಗೆರೆ ಎಳೆದವನ ಬಾಯಲ್ಲಿದ್ದ ಬಿಸ್ಕತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಎರಡು ಗಂಟೆಗೆ ಕಡತರಾಯ ಕ್ಯಾಮೆರಾವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹಿಂದಿನ ಮೆಟ್ಟಿಲಿನಿಂದ ಸಾಹೇಬರ ಕೋಣೆ ಸೇರಿದ. ನಡೆದುದನ್ನೆಲ್ಲ ಹೇಳಿ ಕಾಲಿಗೆ ಬೀಳಬೇಕೆಂದೇ ಬಂದಿದ್ದ. ಆದರೆ ಸಾಹೇಬರು ಪ್ರಧಾನ ಕಚೇರಿಯವರ ಜೊತೆ ಫೋನಿನಲ್ಲಿದ್ದರು. "ಒಂದು ನಿಮಿಷ ಸಾರ್," ಎಂದು ಫೋನಿಗೆ ಹೇಳಿ, ಅದರ ಬಾಯಿಗೆ ಕೈ ಮುಚ್ಚಿ, ಕಡತರಾಯನ ಕಡೆ ಹೊರಗೆ ನಿಲ್ಲುವಂತೆ ಸನ್ನೆ ಮಾಡಿದರು. ಕಾಲು ಗಂಟೆ ಕಳೆದು ಒಳಗೆ ಕರೆದಾಗ ಅವರ ಮುಖ ಬೇರೆಯೇ ಆಗಿತ್ತು. ತಾವೇ ಎದ್ದು ಬಾಗಿಲು ಹಾಕಿದರು.

"ಕೂತ್ಕೊಳ್ಳಯ್ಯಾ."

ಕಡತರಾಯ ಕೂರಲಿಲ್ಲ. ಆ ಕೋಣೆಯಲ್ಲಿ ಕೂತು ಅವನಿಗೆ ಗೊತ್ತೇ ಇರಲಿಲ್ಲ.

"ಬೆಳಗ್ಗೆ ಏನೋ ನಿಯಮ ಹೇಳಿದೆಯಲ್ಲ, ಮೂರನೇ ಒಂದರದ್ದು. ನಾನು ಆಗ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ತುಂಬ ಆಳವಾದ ವಿಷಯ ಅನ್ನಿಸ್ತು. ಅದನ್ನ ಹಾಗೇ ಎರಡು ಪುಟ ಬರ್ದುಕೊಡು. ಚೆನ್ನಾಗಿ ಬರಿ. ಅದರ ಲಾಭ ಏನು, ಅದನ್ನೂ ಬರಿ."

ಕಡತರಾಯನ ಕಣ್ಣು ತುಂಬಿ ಬಂತು. ಹೆಂಡತಿಗೆ ಅರ್ಥವಾಗದ್ದು, ಇಡೀ ಕಚೇರಿ ತಪ್ಪು ತಿಳಿದದ್ದು, ಕಡೆಗೂ ಒಬ್ಬ ಹಿರಿಯರಿಗೆ ಅರ್ಥವಾಗಿತ್ತು. ಹೊರಗಿನ ಕೂಗಾಟ ಮರೆತು, ನಿಂತೇ ಬರೆದ. 'ಮೂವರು ತುಂಬುವ ಜಾಗದಲ್ಲಿ ಒಬ್ಬನಿದ್ದರೆ ಸಾಕು. ಆ ಒಬ್ಬ ಸರಿಯಾದ ಗೆರೆಯ ಮೇಲಿದ್ದರೆ ಎಲ್ಲ ಭಾರವನ್ನೂ ಅವನೇ ಹೊರುತ್ತಾನೆ. ಸುತ್ತಲಿನ ಖಾಲಿತನ ನಷ್ಟವಲ್ಲ. ಅದು ಉಸಿರಾಟಕ್ಕೆ ಬಿಟ್ಟ ಜಾಗ. ಬೇಡದ್ದನ್ನು ತೆಗೆಯುತ್ತಾ ಹೋಗುವುದೇ ಕಲೆ.' ಇಂಥವನ್ನು ಎರಡು ಪುಟ ಕೇಳಿದ್ದಕ್ಕೆ ಮೂರು ಪುಟ ಬರೆದ.

ಸಾಹೇಬರು ಓದಿ ತಲೆದೂಗಿದರು. "ಭೇಷ್. ಫೋಟೋ ಆಮೇಲೆ ನೋಡ್ಕೊಳ್ಳೋಣ, ನೀನು ಕೆಳಗೆ ಹೋಗಿ ಬಾಗಿಲು ಹಾಕ್ಕೊಂಡಿರು. ನಿನ್ನ ವಿಷಯ ಇವತ್ತೇ ಇತ್ಯರ್ಥ ಮಾಡ್ತೀನಿ."

ಇತ್ಯರ್ಥ! ಮೂರು ತಿಂಗಳಲ್ಲಿ ಮೊದಲ ಬಾರಿಗೆ 'ನೋಡೋಣ' ಅಲ್ಲದ ಮಾತು. ಕಡತರಾಯ ನೆಲಮಾಳಿಗೆಗೆ ಹೋಗಿ ಚಿಲಕ ಹಾಕಿಕೊಂಡು, ತನ್ನ ಶಾಯಿ ದವತಿ, ಸ್ಕೇಲು, ನೀರಿನ ಬಾಟಲಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಮೇಲೆ ಹೋಗಲು ತಯಾರಾಗಿ ಕೂತ.

ನಾಲ್ಕೂವರೆಗೆ ಕರೆ ಬಂತು. ಸಭಾಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಸಾಹೇಬರೇ ಎಲ್ಲ ಹೇಳುತ್ತಾರೆಂದು ಕರೆ ಹೋದದ್ದರಿಂದ ಮುಷ್ಕರ ನಿಂತಿತ್ತು. ಗೋಡೆ ಗಡಿಯಾರ ಕಾಗದ ಸುತ್ತಿಕೊಂಡು ಮೇಜಿನ ಮೇಲೆ ಮಲಗಿತ್ತು. ಬೀಳ್ಕೊಡುಗೆ ಭಾಷಣ ಜೇಬಲ್ಲಿಟ್ಟುಕೊಂಡು ಉಪಸಾಹೇಬರು ಮುಂದಿನ ಸಾಲಿನಲ್ಲಿ ಕೂತಿದ್ದರು. ಸಾಹೇಬರು ಎದ್ದುನಿಂತು ಒಂದು ಕಾಗದ ಬಿಡಿಸಿದರು. ಅದು ಆಗಷ್ಟೇ ಪ್ರಧಾನ ಕಚೇರಿಯಿಂದ ಬಂದ ಆದೇಶ. ಒಂದು ಬಲ್ಬಿಗೆ ಮಂಜೂರಾತಿ ಕೊಡಲು ಒಂಬತ್ತು ತಿಂಗಳು ತೆಗೆದುಕೊಳ್ಳುವ ಪ್ರಧಾನ ಕಚೇರಿ, ಜನ ಕಮ್ಮಿ ಮಾಡುವ ವಿಷಯವೆಂದು ತಿಳಿದ ಕೂಡಲೇ ಎರಡು ಗಂಟೆಯಲ್ಲಿ ಕೆಲಸ ಮುಗಿಸಿತ್ತು.

"'ತಾವು ಸ್ವಂತ ಚಿಂತನೆಯಿಂದ ರೂಪಿಸಿರುವ ಮೂರನೇ ಒಂದರ ನಿಯಮ ಅತ್ಯಂತ ಶ್ಲಾಘನೀಯ,'" ಎಂದು ಸಾಹೇಬರು ಗಂಟಲು ಸರಿಮಾಡಿಕೊಂಡು ಓದಿದರು. "'ಮೂವರು ತುಂಬುವ ಜಾಗದಲ್ಲಿ ಒಬ್ಬನಿದ್ದರೆ ಸಾಕು ಎಂಬ ತಮ್ಮ ಮಾತು ಎಲ್ಲ ಶಾಖೆಗಳಿಗೂ ದಾರಿದೀಪ. ಇದನ್ನು ಜಾರಿಗೆ ತರುವ ಸಲುವಾಗಿ ತಮ್ಮ ಸೇವಾವಧಿಯನ್ನು ಎರಡು ವರ್ಷ ವಿಸ್ತರಿಸಲಾಗಿದೆ.'"

ಉಪಸಾಹೇಬರು ಎದ್ದರು, ಕೂತರು. ಭಾಷಣದ ಕಾಗದ ಜೇಬಿನೊಳಗೇ ಮುದುಡಿತು.

"ಧಿಕ್ಕಾರ!" ಎಂದು ಹಿಂದಿನಿಂದ ದನಿ ಬಂತು.

"ಪೂರ್ತಿ ಕೇಳಯ್ಯಾ," ಎಂದರು ಸಾಹೇಬರು. "ಯಾರನ್ನೂ ಮನೆಗೆ ಕಳಿಸೋ ಪ್ರಶ್ನೆ ಇಲ್ಲ. ಮೊದಲು ಪ್ರಯೋಗ. ನೆಲಮಾಳಿಗೆಯಲ್ಲಿ ಮೂರು ವಿಭಾಗ ಇದೆ. ರೆಕಾರ್ಡು, ಟಪಾಲು ರವಾನೆ, ದಾಸ್ತಾನು. ಮೂರಕ್ಕೆ ಮೂರು ಜನ. ನಾಳೆಯಿಂದ ಒಬ್ಬನೇ. ತೆರವಾದ ಇಬ್ಬರಿಗೆ ಮಹಡಿಯಲ್ಲಿ ಜಾಗ ಕೊಡ್ತೀವಿ. ಕಾರ್ಯದರ್ಶಿಗಳಿಗೆ ಆ ಕಿಟಕಿ ಪಕ್ಕದ ಮೇಜು."

ಟಪಾಲು ರವಾನೆ ಗುಮಾಸ್ತ ಧಿಕ್ಕಾರ ಒಂದು ಕ್ಷಣ ಲೆಕ್ಕ ಹಾಕಿದ. ಆಮೇಲೆ ಅವನ ಕಂಠದಿಂದ, ಆ ಕಚೇರಿಯ ಚರಿತ್ರೆಯಲ್ಲೇ ಮೊದಲ ಸಲ, "ಸಾಹೇಬರಿಗೆ ಜಯವಾಗಲಿ!" ಎಂಬ ಕೂಗು ಹೊರಟಿತು. ದಾಸ್ತಾನಿನವನು ಚಪ್ಪಾಳೆ ತಟ್ಟಿದ. ತಮಗೇನೂ ಆಗಲಿಲ್ಲವೆಂದು ತಿಳಿದ ಉಳಿದವರೂ ತಟ್ಟಿದರು.

"ಮೂರು ಜನರ ಭಾರ ಹೊರೋ ಆ ಒಬ್ಬ ಯಾರು ಅಂತ ನಾನು ಬೇರೆ ಹೇಳ್ಬೇಕಿಲ್ಲ," ಎಂದು ಸಾಹೇಬರು ಪ್ರೀತಿಯಿಂದ ಕಡತರಾಯನ ಕಡೆ ನೋಡಿದರು. "ಈ ನಿಯಮದ ಮೇಲೆ ಅವನಿಗಿರೋ ಭಕ್ತಿ ನಿಮ್ಮಲ್ಲಿ ಯಾರಿಗೂ ಇಲ್ಲ."

ಐದು ಗಂಟೆಗೆ ಕಡತರಾಯ ತನ್ನ ಚೀಲದೊಡನೆ ಮತ್ತೆ ಕೆಳಗಿದ್ದ. ಫ್ಯಾನನ್ನು ಉಪಸಾಹೇಬರು ತಾವೇ ಬಂದು ಒಯ್ದಿದ್ದರು, ತಮ್ಮಾ ಎನ್ನಲಿಲ್ಲ. ಕೈಯಿರುವ ಕುರ್ಚಿಯೂ ಹೋಗಿತ್ತು. ಧಿಕ್ಕಾರ ಟಪಾಲಿನ ದಪ್ಪ ಪುಸ್ತಕಗಳನ್ನು ತಂದು ಅವನ ಮೇಜಿನ ಮೇಲೆ ಧೊಪ್ಪನೆ ಹಾಕಿ, "ಮೇಲೆ ಗಾಳಿ ಚೆನ್ನಾಗಿದೆ ಕಣಯ್ಯಾ," ಎಂದು ಹೇಳಿ ಹೋದ. ದಾಸ್ತಾನಿನ ಬೀಗದ ಗೊಂಚಲು ಅದರ ಮೇಲೆ ಬಿತ್ತು.

ಅಷ್ಟರಲ್ಲಿ ಟೈಪಿಸ್ಟ್ ಅಕ್ಕ ಏದುಸಿರು ಬಿಡುತ್ತಾ ಇಳಿದು ಬಂದಳು. "ಇನ್ನೂ ಇಲ್ಲೇ ಇದೀಯಾ? ಬೇಗ ಬಾ. ನಿಯಮ ಕಂಡುಹಿಡಿದವರ ಫೋಟೋ ಬೇಕಂತೆ. ಎಲ್ಲ ಶಾಖೆಗೂ ಕಳಿಸ್ತಾರಂತೆ."

ಕಡತರಾಯನ ಕೈ ತಾನಾಗಿ ತಲೆಗೂದಲಿಗೆ ಹೋಯಿತು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಬಿಸ್ಕತ್ತಿನ ಪುಡಿ ಕೊಡವಿಕೊಂಡ. "ಅಕ್ಕಾ, ಈ ಅಂಗಿ ಪರವಾಗಿಲ್ವಾ?"

"ನಿನ್ನ ಅಂಗಿ ಯಾರು ನೋಡ್ತಾರೋ? ಸಾಹೇಬರು ಕೋಟು ಹಾಕ್ಕೊಂಡು ಕೂತಿದಾರೆ, ಕ್ಯಾಮೆರಾ ತಗೊಂಡು ಬಾ," ಎಂದು ಅಕ್ಕ ಮೆಟ್ಟಿಲ ಕಡೆ ತಿರುಗಿದಳು. ಎರಡು ಮೆಟ್ಟಿಲು ಹತ್ತಿ ನಿಂತು, ಮರೆತದ್ದನ್ನು ಸೇರಿಸಿದಳು. "ಮತ್ತೆ ನೋಡು, ನಟ್ಟನಡುವೆ ಬರ್ಬೇಕಂತೆ. ಒಂದು ಕೂದಲೆಳೆಯಷ್ಟು ಆ ಕಡೆ ಈ ಕಡೆ ಆದ್ರೂ ನಿನ್ನ ಸುಮ್ನೆ ಬಿಡಲ್ವಂತೆ."